ಕಟ್ಟಿದ ತೆರಿಗೆಯನ್ನು ಮತ್ತೆ ಕಟ್ಟಬೇಕಂತೆ!

ಸಂಬಳದಿಂದ ತಿಂಗಳು ತಿಂಗಳೂ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಮುರಿದುಕೊಂಡ ನನ್ನ ಹಳೆಯ ಕಂಪನಿ ಅದನ್ನು ಸರ್ಕಾರಕ್ಕೆ ಕಟ್ಟಲೇ ಇಲ್ಲ. ಸಂಬಳದ ಚೀಟಿಯಲ್ಲಿ ಕಡಿತವಿದೆ, ನನ್ನ ಹೆಸರಿನಲ್ಲಿ ಜಮೆಯಾದ ತೆರಿಗೆಯನ್ನು ತೋರಿಸುವ ಪಟ್ಟಿಯಾದ 26ಎಎಸ್‌ನಲ್ಲಿ ಮಾತ್ರ ಸೊನ್ನೆ. ಸರಿ, ಆದಾಯ ತೆರಿಗೆ ಕಾಯ್ದೆಯ 143(1)ನೇ ಸೆಕ್ಷನ್ ಅಡಿಯಲ್ಲಿ ಬಾಕಿ ಕಟ್ಟುವಂತೆ ಇಲಾಖೆಯಿಂದ ಸೂಚನೆ ಬಂದದ್ದು ನನಗೆ! ಮೇಲೆ 234ಬಿ ಸೆಕ್ಷನ್ ಪ್ರಕಾರ ತಿಂಗಳಿಗೆ ಶೇ 1ರಷ್ಟು ಬಡ್ಡಿ ಬೇರೆ. ಮೂಲದಲ್ಲೇ ಕಡಿತವಾದ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಂಕಿಗೆ ಅಂಕಿ ತಾಳೆ ನೋಡುವ ಕಂಪ್ಯೂಟರ್‌ಗೆ ಕಾಯ್ದೆಯ ಗೊಡವೆಯೇ ಇಲ್ಲ. ಕಂಪನಿಯ ಲೆಕ್ಕಪತ್ರ ವಿಭಾಗದವರು (ಕಡಿತ ಮಾಡುವಾಗ ಎಷ್ಟು ಚುರುಕಾಗಿದ್ದರು!) ಈಗ ಫೋನ್ ಎತ್ತುವುದಿಲ್ಲ. ಹಣ ನುಂಗಿದವರನ್ನು ಬಿಟ್ಟು ಕಳೆದುಕೊಂಡವನ ಬೆನ್ನು ಹತ್ತುವುದು ಅನ್ಯಾಯ. ಮೊದಲು ಅವರಿಂದ ವಸೂಲು ಮಾಡಿ, ಸ್ವಾಮಿ!