ಕಾರಿನ ಪೂರ್ವಜನ್ಮದ ಪಾಪ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನಿಗೆ ಪುನರ್ಜನ್ಮದಲ್ಲಿ ನಂಬಿಕೆ ಇರಲೇಬೇಕೆಂಬುದು ನನಗೆ ತಿಳಿದದ್ದು ವಾರಂಟಿ ಕಂಪನಿಯ ತಿರಸ್ಕಾರ ಪತ್ರ ಕೈಸೇರಿದ ದಿನ. ಕಾರು ಕೊಂಡು ಐದು ತಿಂಗಳಾಗಿತ್ತು. ವಾಟರ್ ಪಂಪು ಸೋರಿ, ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವ ಬರಿದಾಗಿ, ಎಂಜಿನ್ ಕಾದು, ಅದರೊಳಗಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ, ಸೈಲೆನ್ಸರಿನಿಂದ ಬಿಳಿ ಹೊಗೆ ಹೊರಟಾಗಲೂ ನಾನು ಧೃತಿಗೆಡಲಿಲ್ಲ. ಏಕೆಂದರೆ ಕಾರಿನ ಜೊತೆಗೆ ಬೇರೆ ಹಣ ತೆತ್ತು ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಕೊಂಡಿದ್ದೆ. ರಸ್ತೆಬದಿಯಲ್ಲಿ ಹೊಗೆಯ ನಡುವೆ ಅಷ್ಟು ನೆಮ್ಮದಿಯಿಂದ ನಿಂತ ಮನುಷ್ಯನನ್ನು ದಾರಿಹೋಕರು ಅದುವರೆಗೆ ಕಂಡಿರಲಾರರು.

ಮೊದಲ ತೊಡಕು ಗ್ಯಾರೇಜಿನಲ್ಲೇ ಎದುರಾಯಿತು. ಗ್ಯಾಸ್ಕೆಟ್ ಹೋಗಿದೆಯೆಂದು ಕಣ್ಣಾರೆ ತೋರಿಸಲು ಎಂಜಿನ್ ಬಿಚ್ಚಬೇಕು. ಕಂಪನಿಯ ಅನುಮತಿಯಿಲ್ಲದೆ ಬಿಚ್ಚಿದರೆ ಕ್ಲೇಮು ರದ್ದು. ಗ್ಯಾಸ್ಕೆಟ್ ಹೋಗಿದೆಯೆಂದು ತೋರಿಸದೆ ಅನುಮತಿ ಇಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಕೊನೆಗೆ ಕ್ಲೇಮು ತಿರಸ್ಕೃತವಾದರೆ ಬಿಚ್ಚಿದ ಕೂಲಿ ನನ್ನದೆಂದು ಬರೆದುಕೊಟ್ಟ ಮೇಲೆ ಕಂಪನಿಯ ಪರಿಶೀಲಕರು ಬಂದರು, ಟಾರ್ಚು ಬಿಟ್ಟು ನೋಡಿದರು, ಏನೂ ಹೇಳದೆ ಹೋದರು. ಹಿಂದೆಯೇ ಪತ್ರ ಬಂತು.

ಅದರಲ್ಲಿ ಎರಡು ಕಾರಣಗಳಿದ್ದವು. ಪಂಪಿನ ದೋಷ ವಾರಂಟಿ ಆರಂಭವಾಗುವ ಮೊದಲೇ ಇತ್ತಂತೆ. ಇನ್ನು ಗ್ಯಾಸ್ಕೆಟ್ ಹೋದದ್ದು, ಎಂಜಿನ್ ಕಾದ ಮೇಲೂ ನಾನು ಕಾರು ಓಡಿಸಿದ್ದರಿಂದ ಮತ್ತು ಕಾಲಕಾಲಕ್ಕೆ ಸರ್ವೀಸ್ ಮಾಡಿಸದೆ ಇದ್ದುದರಿಂದಂತೆ. ಅಂದರೆ ಪಂಪು ಕೆಟ್ಟದ್ದು ಕಾರಿನ ಪೂರ್ವಜನ್ಮದ ಪಾಪದಿಂದ, ಗ್ಯಾಸ್ಕೆಟ್ ಹೋದದ್ದು ನನ್ನ ಈ ಜನ್ಮದ ಪಾಪದಿಂದ. ಕಂಪನಿ ಮಾತ್ರ ಎಲ್ಲ ಜನ್ಮಗಳಲ್ಲೂ ನಿರ್ಲಿಪ್ತ.

ಫೋನು ಮಾಡಿದಾಗ ಕಸ್ಟಮರ್ ಕೇರಿನ ಹೆಣ್ಣುಮಗಳು, ಇದು ಕಾರು ತಯಾರಕರ ವಾರಂಟಿಯ ಮುಂದುವರಿಕೆಯಲ್ಲವೆಂದೂ, ಪ್ರತ್ಯೇಕ ಸೇವಾ ಒಪ್ಪಂದವೆಂದೂ, ಷರತ್ತುಗಳನ್ನು ಓದಿಕೊಳ್ಳಬೇಕೆಂದೂ ಬಹಳ ಮರ್ಯಾದೆಯಿಂದ ತಿಳಿಸಿದರು. ಸಹಿ ಹಾಕಿ ಐದು ತಿಂಗಳಾದ ಮೇಲೆ ಆ ರಾತ್ರಿ ನಾನು ಷರತ್ತುಗಳನ್ನು ಮೊದಲ ಬಾರಿಗೆ ಓದಿದೆ. ವಾಟರ್ ಪಂಪಿಗೂ ಹೆಡ್ ಗ್ಯಾಸ್ಕೆಟಿಗೂ ರಕ್ಷಣೆಯಿತ್ತು. ಬೆಲ್ಟು, ಹೋಸು, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡುಗಳಿಗೆ ಇರಲಿಲ್ಲ. ‘ಸಹಜ ಸವೆತ’ಕ್ಕಂತೂ ಇಲ್ಲವೇ ಇಲ್ಲ. ಹಳೆಯ ಕಾರಿನಲ್ಲಿ ಸವೆಯದ ಭಾಗ ಹುಡುಕಿದರೆ ಸಿಗುವುದು ನಂಬರ್ ಪ್ಲೇಟೊಂದೇ. ಆದರೆ ‘ಮೊದಲೇ ಇದ್ದ ದೋಷ’ವೆಂದರೇನೆಂಬ ವಿವರಣೆ ಎಲ್ಲಿಯೂ ಇರಲಿಲ್ಲ. ಒಪ್ಪಂದದ ಮಾತಿಗೆ ಎರಡು ಅರ್ಥ ಹೊರಟರೆ ಅದನ್ನು ಬರೆದವರಿಗೆ ಪ್ರತಿಕೂಲವಾದ ಅರ್ಥವನ್ನೇ ಹಿಡಿಯಬೇಕೆಂಬ ನ್ಯಾಯಸೂತ್ರವೊಂದಿದೆ ಎಂದು ವಕೀಲ ಸ್ನೇಹಿತರೊಬ್ಬರು ಹೇಳಿದಾಗ, ಕಾನೂನಿನ ಮೇಲೆ ನನಗೆ ಏಕಾಏಕಿ ಪ್ರೀತಿ ಹುಟ್ಟಿತು.

ಸಾಕ್ಷ್ಯ ಕಲೆಹಾಕಲು ಕುಳಿತೆ. ಸರ್ವೀಸಿನ ರಸೀದಿಗಳನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಜೋಪಾನವಾಗಿಟ್ಟಿದ್ದೆ. ತೆಗೆದು ನೋಡಿದರೆ ಎಲ್ಲವೂ ಬಿಳಿ ಹಾಳೆಗಳು! ಶಾಖದಿಂದ ಅಕ್ಷರ ಮೂಡಿಸುವ ಥರ್ಮಲ್ ಕಾಗದಕ್ಕೆ ಬಿಸಿಲಿನ ಶಾಖವೇ ಶತ್ರುವೆಂದು ಯಾರಿಗೆ ಗೊತ್ತಿತ್ತು? ನನ್ನ ಪುಣ್ಯಕ್ಕೆ ಸರ್ವೀಸ್ ಮಾಡಿದವರ ಕಂಪ್ಯೂಟರಿನಲ್ಲಿ ಓಡೋಮೀಟರ್ ಅಂಕಿಗಳ ಸಮೇತ ದಾಖಲೆಗಳಿದ್ದವು. ಕಾದ ಎಂಜಿನ್ನನ್ನು ಓಡಿಸಿದೆನೆಂಬ ಆರೋಪಕ್ಕೆ ಮಾತ್ರ ನನ್ನ ಮಾತಿನ ಹೊರತು ಏನೂ ಇರಲಿಲ್ಲ.

“ನಿಮ್ಮ ಮಾತು ಯಾರೂ ನಂಬಲ್ಲ ಸರ್, ಕಾರಿನ ಮಾತು ನಂಬ್ತಾರೆ. ಬ್ಯಾಟರಿ ಮಾತ್ರ ಕಳಚಬೇಡಿ, ಕಾರಿನ ಕಂಪ್ಯೂಟರಿನ ನೆನಪೆಲ್ಲ ಅಳಿಸಿಹೋಗುತ್ತೆ,” ಎಂದ ಮೆಕ್ಯಾನಿಕ್ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದರು. ಪಿ0217, ಅಂದರೆ ಎಂಜಿನ್ ಅತಿಯಾಗಿ ಕಾದಿದೆ ಎಂಬ ಕೋಡು ಬಂತು. ಆ ಕೋಡು ದಾಖಲಾದ ಕ್ಷಣದ ವೇಗ, ತಾಪಮಾನಗಳ ಜೊತೆಗೆ, ಚೆಕ್ ಎಂಜಿನ್ ದೀಪ ಹೊತ್ತಿದ ಮೇಲೆ ಕಾರು ಓಡಿದ ದೂರವೂ ಅಲ್ಲಿತ್ತು: 1 ಕಿಲೋಮೀಟರ್. ಐದು ತಿಂಗಳು ನಾನು ಬೈದುಕೊಂಡೇ ಓಡಿಸಿದ್ದ ಕಾರು, ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳದೆ ನನ್ನ ಪರವಾಗಿ ಸಾಕ್ಷಿ ನುಡಿದಿತ್ತು.

ಪಂಪಿನ ವಿಷಯಕ್ಕೆ ಕಂಪನಿಯವರದೇ ಕಾಗದ ಒದಗಿತು. ವಾರಂಟಿ ಕೊಡುವ ಮೊದಲು ಅವರ ಪರಿಶೀಲಕರೇ ಕಾರನ್ನು ನೋಡಿ, ‘ಕೂಲೆಂಟ್ ಸೋರಿಕೆ: ಇಲ್ಲ’ ಎಂಬುದರ ಮುಂದೆ ಗುರುತು ಹಾಕಿ, ಮೊಹರು ಒತ್ತಿದ್ದರು. ನಾನು ಇದೆಲ್ಲವನ್ನೂ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆ: ದೋಷ ಆಗಲೇ ಇದ್ದಿದ್ದರೆ ನಿಮ್ಮ ಪರಿಶೀಲಕರ ಕಣ್ಣಿಗೇ ಬೀಳದ್ದು ನನ್ನ ಕಣ್ಣಿಗೆ ಹೇಗೆ ಬೀಳಬೇಕು? ಇಲ್ಲದಿದ್ದರೆ ನಿಮ್ಮ ಮೊದಲ ಕಾರಣ ಎಲ್ಲಿ ನಿಂತಿತು? ಯಾವ ಷರತ್ತಿನ ಯಾವ ಸಂಖ್ಯೆಯಡಿ ತಿರಸ್ಕರಿಸಿದ್ದೀರೆಂದು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಷರತ್ತಿನ ಸಂಖ್ಯೆ ಕೊನೆಗೂ ಬರಲಿಲ್ಲ. ಮೂರು ವಾರ ಮತ್ತು ಇನ್ನೊಂದು ಪತ್ರದ ಬಳಿಕ, ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಪಂಪು, ಗ್ಯಾಸ್ಕೆಟ್ ಮತ್ತು ಕೂಲಿಯನ್ನು ಮಂಜೂರು ಮಾಡಲಾಗಿದೆಯೆಂಬ ಒಂದು ಸಾಲು ಬಂತು. ಕೂಲೆಂಟ್ ಮಾತ್ರ ಬಳಸಿ ಮುಗಿಯುವ ವಸ್ತುವಾದ್ದರಿಂದ ಅದರ ಹಣ ನನ್ನದೇ. ಕೊಟ್ಟೆ. ಕೈಗೆ ಬಂದ ರಸೀದಿ ಥರ್ಮಲ್ ಕಾಗದದ್ದೆಂದು ಕಂಡೊಡನೆ, ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಜೆರಾಕ್ಸ್ ಅಂಗಡಿಗೆ ನಡೆದೆ.