ಕಷ್ಟ ಬಂದಾಗ ‘ದೇವರ ಚಿತ್ತ’ ಅನ್ನಬಹುದಾ?

ನಮ್ಮದು ರಾಯಚೂರು ಕಡೆಯ ಕ್ರೈಸ್ತ ಮನೆತನ. ಕಾಯಿಲೆ, ಸಾವು, ಸಾಲ, ಏನೇ ಬರಲಿ, ನಮ್ಮ ಸಭೆಯವರ ಬಾಯಲ್ಲಿ ಮೊದಲು ಬರುವುದು ‘ದೇವರ ಚಿತ್ತ’ ಅನ್ನೋ ಮಾತು. ಅದು ಸರಿಯಾ? ಪರವನ್ನೂ ವಿರೋಧವನ್ನೂ ನಾನೇ ಬರೆಯುತ್ತಿದ್ದೇನೆ, ಯಾಕೆಂದರೆ ಎರಡನ್ನೂ ನಮ್ಮ ಮನೆಯಲ್ಲೇ ನೋಡಿದ್ದೇನೆ.

ಪರ: ಅನ್ನಬಹುದು

ಅವ್ವನಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದಕ್ಕಂತ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಗುರ್ ಅಂತ ಒಂದೇ ಸಮ ಅದುರುತ್ತಿತ್ತು. ನೀರು ದಿನಕ್ಕೆ ಮುಕ್ಕಾಲು ಲೀಟರ್, ಅಷ್ಟೇ. ಮೇ ತಿಂಗಳು, 42 ಡಿಗ್ರಿ ಬಿಸಿಲು, ಮುಕ್ಕಾಲು ಲೀಟರ್ ನೀರು! ಬೆಳಿಗ್ಗೆ ಎದ್ದವಳೇ ಬಾಟಲಿಗೆ ಅಳೆದು ತುಂಬಿಕೊಂಡು, ಗುಳಿಗೆ ನುಂಗುವ ಗುಟುಕನ್ನೂ ಅದರಲ್ಲೇ ಲೆಕ್ಕ ಹಿಡಿಯುತ್ತಿದ್ದಳು.

ಆ ಅವ್ವ ‘ಇದು ದೇವರ ಚಿತ್ತ’ ಅನ್ನುತ್ತಿದ್ದಳು. ಹಾಗಂದುಕೊಂಡು ಮೂಲೆ ಹಿಡಿದು ಕೂಡಲಿಲ್ಲ. ಪಕ್ಕದ ಬೆಡ್ಡಿಗೆ ಹೊಸದಾಗಿ ಬಂದು ಸೂಜಿ ನೋಡಿ ಅಳುವವರ ಕೈ ಹಿಡಿದು, ‘ನಂದು ನೋಡವ್ವ, ನಾಲ್ಕು ವರ್ಷ ಆತು’ ಅಂತ ತನ್ನ ತೋಳು ಚಾಚಿ ತೋರಿಸುತ್ತಿದ್ದಳು. ಡಾಕ್ಟರು ಹೇಳಿದರೆ ಬಾರದ ಧೈರ್ಯ ಅವರಿಗೆ ಆ ತೋಳು ನೋಡಿದರೆ ಬರುತ್ತಿತ್ತು.

ಬೈಬಲಿನಲ್ಲೂ ಈ ಮಾತಿಗೆ ಆಧಾರ ಇದೆ. ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಪೌಲನಿಗೆ ಶರೀರದಲ್ಲಿ ಒಂದು ಮುಳ್ಳಿತ್ತು, ಅದನ್ನು ತೆಗೆಯಪ್ಪಾ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನೋ ಉತ್ತರ ಬಂತು. ಯೋಸೇಫನನ್ನು ಅಣ್ಣಂದಿರೇ ಮಾರಿದರು, ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಅವನು ಕಾಳು ಕೊಟ್ಟ. ಮಾಡಿದ ಕೇಡು ಕೇಡೇ, ಅದನ್ನು ಯಾರೂ ಒಳ್ಳೇದು ಅನ್ನಲಿಲ್ಲ. ಆದರೆ ದೇವರು ಅದರೊಳಗಿಂದಲೂ ಒಳ್ಳೇದನ್ನು ತೆಗೆದ. ನಾವು ನಂಬುವ ದೇವರು ಶಿಲುಬೆ ಹೊತ್ತವನು, ಮೇಲೆ ಕೂತು ನೋಡುವವನಲ್ಲ. ಹಾಯಾಗಿ ಇರೋದೇ ಬದುಕಿನ ಗುರಿ ಅನ್ನೋದಾದರೆ ಅವ್ವನ ಆ ವರ್ಷಗಳೆಲ್ಲ ಸುಮ್ನೆ ಹಾಳಾದವು ಅನ್ನಬೇಕಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ವಿರೋಧ: ಅನ್ನಬಾರದು

ತಂಗಿಯ ಕೂಸಿಗೆ ಒಂಬತ್ತು ತಿಂಗಳು. ವಾಂತಿ ಭೇದಿ ಹತ್ತಿ ಒಂದೇ ರಾತ್ರಿಯಲ್ಲಿ ಕಣ್ಣು ಒಳಗೆ ಹೋದವು. ಅದು ಮಳೆಗಾಲ, ಅವರ ಊರಿನ ದಾರಿ ಎರೆಮಣ್ಣಿನದು, ಗಾಡಿ ಹೂತುಕೊಂಡಿತು. ಭಾವ ಕೂಸನ್ನು ಎದೆಗವಚಿಕೊಂಡು ಡಾಂಬರು ರಸ್ತೆ ತನಕ ನಡೆದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಒಬ್ಬರು ಬೈಬಲ್ ಮಡಚಿ ಹೇಳಿದರು: ‘ದೇವರಿಗೆ ಆ ಹೂ ಬೇಕಾಗಿತ್ತವ್ವ, ಕಿತ್ತುಕೊಂಡ, ಆತನ ಚಿತ್ತ.’ ತಂಗಿ ಆಗ ಏನೂ ಅನ್ನಲಿಲ್ಲ. ರಾತ್ರಿ ನನ್ನನ್ನು ಕೇಳಿದಳು: ‘ಅಣ್ಣಾ, ದೇವರ ತೋಟದಾಗ ಹೂ ಕಮ್ಮಿ ಇದ್ದವೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ. ದೇವರ ಚಿತ್ತ ಅಂದುಬಿಟ್ಟರೆ ಆ ದಾರಿಯ ಬಗ್ಗೆ ಯಾರೂ ಕೇಳೋದಿಲ್ಲ. ಕೂಸು ಕುಡಿದ ನೀರಿನ ಬಗ್ಗೆ ಕೇಳೋದಿಲ್ಲ. ನಮ್ಮ ಸೀಮೆಗೆ ಇದು ಹೊಸದೇನಲ್ಲ. 1876ರಿಂದ 1878ರ ಧಾತು ಬರದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗಳೇ ಖಾಲಿಯಾದವು. ಮಳೆ ಬರಲಿಲ್ಲ, ನಿಜ. ಆದರೆ ಅದೇ ಹೊತ್ತಿಗೆ ಈ ದೇಶದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಲೇ ಇತ್ತು. ಪರಿಹಾರದ ಕೆಲಸದಲ್ಲಿ ಕಲ್ಲು ಮಣ್ಣು ಹೊತ್ತ ಗಂಡಸಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಕಾಳು ಮತ್ತು ಒಂದಾಣೆ ಸಾಕು ಅಂತ 1877ರಲ್ಲಿ ಬ್ರಿಟಿಷ್ ಸರ್ಕಾರ ಇಳಿಸಿತ್ತು. ಆ ಅಳತೆ ಹಾಕಿದ್ದು ದೇವರಲ್ಲ.

ಯೇಸುವಿನ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಯೆರೂಸಲೇಮಿನ ಸಿಲೋವಾಮ್ ಅನ್ನೋ ಕಡೆ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಾಗಿದ್ದರಾ? ‘ಇಲ್ಲ’ ಅಂದ ಆತ, ಆ ಸಾವಿಗೆ ಬೇರೆ ಕಾರಣವನ್ನೂ ಹಚ್ಚಲಿಲ್ಲ. ಸತ್ತ ಗೆಳೆಯ ಲಾಜರನ ಗೋರಿ ಹತ್ತಿರ, ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಶಿಲುಬೆಯ ಮೇಲೆ ‘ಯಾಕೆ ನನ್ನ ಕೈಬಿಟ್ಟೆ’ ಅಂತ ಕೂಗಿದ. ಆತನಿಗೇ ಯಾಕೆ ಅಂತ ಕೇಳಬೇಕು ಅನ್ನಿಸಿದ ಮೇಲೆ, ನನ್ನ ತಂಗಿಯ ಬಾಯಿ ಮುಚ್ಚಿಸಲು ನಾವು ಯಾರು?

ಬೈಬಲಿನ ಯೋಬ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡಾಗ ಅವನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿವರೆಗೆ ಸರಿಯಾಗಿಯೇ ಇದ್ದರು. ಆಮೇಲೆ ಬಾಯಿ ತೆಗೆದು ಕಾರಣ ಹೇಳಲು ಹತ್ತಿದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ, ಅಷ್ಟೊಂದು ಕೂಗಾಡಿದ ಯೋಬನ ಮೇಲಲ್ಲ.

ಕೂಸನ್ನು ಮಣ್ಣು ಮಾಡಿದ ಮರುದಿನ ಅವ್ವ ಡಯಾಲಿಸಿಸ್ ಮುಗಿಸಿ ಅಲ್ಲಿಂದ ನೇರ ತಂಗಿಯ ಮನೆಗೆ ಬಂದಳು. ತನ್ನ ಕಾಯಿಲೆಗೆ ದಿನಾ ಹೇಳುವ ಆ ಮಾತನ್ನು ಅವತ್ತು ಒಂದು ಸಲವೂ ಹೇಳಲಿಲ್ಲ. ನೆಲದ ಮೇಲೆ ಕೂತು ಕಾಲು ಚಾಚಿದಳು. ತಂಗಿ ಅವಳ ಎಡಗೈ ಮೇಲೆ, ಆ ಅದುರುವ ಜಾಗಕ್ಕೇ ಕೆನ್ನೆ ಇಟ್ಟು ಮಲಗಿದಳು. ದೀಪ ಹಚ್ಚುವ ಹೊತ್ತಾದರೂ ಅವ್ವ ಕೈ ಎಳೆದುಕೊಳ್ಳಲಿಲ್ಲ.