ಉದುರಿದ ಅಡಿಕೆ ಯಾರ ಲೆಕ್ಕಕ್ಕೆ?

ಹೋದ ವಾರ ನಾಲ್ಕು ದಿನ ರಜೆ ಸಿಕ್ಕಿತ್ತು. ದಾವಣಗೆರೆಗೆ ಬಂದವನು ಒಂದು ದಿನ ಚನ್ನಗಿರಿ ಕಡೆ ಮಾವನ ತೋಟಕ್ಕೂ ಹೋಗಿ ಬಂದೆ. ಅಲ್ಲಿ ಖೇಣಿ ಮಾತುಕತೆ ನಡೆದಿತ್ತು. ಖೇಣಿ ಅಂದರೆ ನಮ್ಮ ಕಡೆಯವರಿಗೆ ಗೊತ್ತು, ಮರದ ಮೇಲಿರುವಾಗಲೇ ಅಡಿಕೆ ಫಸಲನ್ನು ಮಾತಾಡಿ ಕೊಟ್ಟುಬಿಡುವುದು. ತೋಟ ನಿಮ್ಮದೇ, ಆ ವರ್ಷದ ಅಡಿಕೆ ಮಾತ್ರ ಅವನದು. ಖೇಣಿದಾರ ಒಳ್ಳೆ ರೇಟನ್ನೇ ಹೇಳಿದ. ಮಾವ ರೇಟಿನ ಸುದ್ದಿಗೇ ಹೋಗಲಿಲ್ಲ. "ಕೊಳೆ ರೋಗ ಬಂದು ಉದುರಿದ್ರೆ ಯಾರ ಲೆಕ್ಕ? ಅರ್ಧ ಕೊಯ್ದ ಮೇಲೆ ಮಾರ್ಕೆಟ್ ಬಿದ್ರೆ ನೀನು ಬರ್ತೀಯೋ, ಫೋನ್ ಆಫ್ ಮಾಡ್ಕೊಂಡು ಕೂರ್ತೀಯೋ? ಅದನ್ನ ಮೊದ್ಲು ಹೇಳಪ್ಪ" ಅಂದರು.

ಆಗ ನನ್ನ ಜೇಬಿನ ಫೋನಿನಲ್ಲಿ 31 ಪುಟದ ಒಂದು ಪಿಡಿಎಫ್ ಇತ್ತು. ಕೊಲ್ಲಿ ದೇಶದ ಒಂದು ವಿಮಾನ ಕಂಪನಿಯಲ್ಲಿ ಮೂರು ವರ್ಷದ ಕಾಂಟ್ರ್ಯಾಕ್ಟ್ ಕೆಲಸ. ಏಜೆನ್ಸಿ ಮೂಲಕ ಬಂದದ್ದು. ಎರಡು ವಾರದಿಂದ ಅದರಲ್ಲಿ ನಾನು ಓದಿದ್ದು ಒಂದೇ ಪುಟ. ಯಾವ ಪುಟ ಅಂತ ನೀವೇ ಊಹಿಸಿ.

ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ದಾವಣಗೆರೆಯ ಎಂಸಿಸಿ ಬಿ ಬ್ಲಾಕ್ ಹುಡುಗ. ಹುಡುಗ ಅಂದರೆ ಈಗ 46. ಜಕ್ಕೂರಿನಲ್ಲಿ ಹಾರಾಟ ಕಲಿತು, 200 ಗಂಟೆ ಮುಗಿಸಿ ಲೈಸೆನ್ಸ್ ತಗೊಂಡವನು. ಗೊರೂರು ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಶುರುವಾಗಿ, ನಮ್ಮಂಥ ಊರಿನವರಿಗೂ ವಿಮಾನ ಅಂದರೆ ಹತ್ತುವಂಥದ್ದು ಅನ್ನಿಸಿದ ಕಾಲ ಅದು. ಈಗ ಎ320 ಹಾರಿಸುವ ಕ್ಯಾಪ್ಟನ್, ಬೇಸ್ ಬೆಂಗಳೂರು. ವಾರಕ್ಕೆ ಒಬ್ಬರಾದರೂ ಇನ್‌ಬಾಕ್ಸ್‌ಗೆ ಬಂದು "ಸರ್, ಹೊರಗಡೆ ಹೋಗೋದು ಒಳ್ಳೇದಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಕೈಗೆ ಬರುವುದು ಇಲ್ಲಿಗಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಇಲ್ಲಿ ಸಂಬಳದ ದೊಡ್ಡ ಭಾಗಕ್ಕೆ 30 ಪರ್ಸೆಂಟ್ ತೆರಿಗೆ, ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಆದರೆ ಪಿ.ಜೆ. ಬಡಾವಣೆಯ ನಮ್ಮ ಆಡಿಟರ್ ಒಂದು ಮಾತು ಹೇಳಿದರು. ಹೋಗುವುದಾದರೆ ಸೆಪ್ಟೆಂಬರ್ ಮುಗಿಯುವ ಮೊದಲು ಹೋಗಿ ಅಂತ. ಏಪ್ರಿಲ್‌ನಿಂದ ಎಣಿಸಿ ಆ ವರ್ಷ 182 ದಿನ ಇಲ್ಲೇ ಕಳೆದುಬಿಟ್ಟರೆ, ಅಲ್ಲಿ ದುಡಿದದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಏಜೆನ್ಸಿಯವರು "ಟ್ಯಾಕ್ಸ್ ಫ್ರೀ" ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಯಾವ ತಿಂಗಳು ವಿಮಾನ ಹತ್ತಬೇಕು ಅಂತ ಬರೆಯುವುದಿಲ್ಲ. ಇನ್ನೊಂದು ಸಣ್ಣ ಚಾಲಾಕಿ ಇದೆ. ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ ಅದರಲ್ಲಿ ಬೇಸಿಕ್ (ಮೂಲ ಸಂಬಳ) ಎಷ್ಟು, ಮನೆ ಬಾಡಿಗೆ ಎಷ್ಟು, ಹಾರಿದ ಗಂಟೆಯ ದುಡ್ಡು ಎಷ್ಟು ಅಂತ ಬಿಡಿಸಿ ನೋಡಬೇಕು. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ ಗ್ರಾಚ್ಯುಟಿ. ಅದು ಬೇಸಿಕ್ ಮೇಲೆ ಮಾತ್ರ. ಬೇಸಿಕ್ ತೆಳ್ಳಗಿದ್ದರೆ ಕೊನೆಗೆ ಸಿಗುವುದೂ ತೆಳ್ಳಗೇ.

ದುಡ್ಡಿನ ಕಥೆ ಇಷ್ಟೇ. ನನಗೆ ನಿದ್ದೆ ಕೆಡಿಸಿದ್ದು ಬೇರೆ.

2018ರಲ್ಲಿ ನಾನು ಒಮ್ಮೆ ಹೋಗಿ ಬಂದವನು. ಪೂರ್ವ ಏಷ್ಯಾದ ಒಂದು ದೇಶ. ಆಗ ಆ ಕಡೆ ಕ್ಯಾಪ್ಟನ್‌ಗಳಿಗೆ ಎಷ್ಟು ಬೇಡಿಕೆ ಅಂದರೆ, ಡಾಲರ್ ಲೆಕ್ಕ ಕೇಳಿ ನನ್ನ ಹೆಂಡತಿ "ಇನ್ನೊಂದು ಸಲ ಹೇಳ್ರಿ" ಅಂದಿದ್ದಳು. ತಿಂಗಳಿಗೆ 20 ದಿನ ಕೆಲಸ, 10 ದಿನ ಮನೆ. ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಹದಡಿ ರಸ್ತೆಯಲ್ಲಿ ಸೈಟು ತಗೊಂಡೆ. 2020ರ ಜನವರಿ ಕೊನೆಗೆ ರೋಸ್ಟರ್, ಅಂದರೆ ನಮ್ಮ ಹಾರಾಟದ ಪಟ್ಟಿ, ತೆಳ್ಳಗಾಗುತ್ತಾ ಬಂತು. ಫೆಬ್ರವರಿಯಲ್ಲಿ ಒಂದು ಇಮೇಲ್. ಮುಂದಿನ ಸೂಚನೆ ಬರುವ ತನಕ ಸಂಬಳವಿಲ್ಲದ ರಜೆ.

ಗಮನಿಸಿ, ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು, ನಾನು ಬಿಡುಗಡೆ ಆಗುತ್ತಿದ್ದೆ. ಕಂಪನಿಗೆ ಬೇಕಾದಷ್ಟು ದಿನ ನನ್ನನ್ನು ರಜೆಯಲ್ಲಿ ಇಡಬಹುದು ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಇತ್ತು. ಆ ದಿನಗಳಲ್ಲಿ ನಾನು ಬೇರೆ ಕಡೆ ಹಾರಿಸುವಂತಿಲ್ಲ ಅಂತಲೂ ಇತ್ತು. ಬಿಡಬೇಕಾದರೆ 90 ದಿನ ನೋಟಿಸ್, ಇಲ್ಲವೇ ದಂಡ. ಅವರಿಗೆ ಒಂದು ಇಮೇಲ್ ಸಾಕು, ನನಗೆ 90 ದಿನ. ಇದೆಲ್ಲ ನಾನೇ ಸೈನ್ ಮಾಡಿದ ಕಾಗದ. ಯಾರೂ ಮೋಸ ಮಾಡಿರಲಿಲ್ಲ. ನಾನು ಓದಿರಲಿಲ್ಲ ಅಷ್ಟೆ.

ಆ ವರ್ಷದ ದುಗ್ಗಮ್ಮನ ಜಾತ್ರೆಗೆ ನಾನು ಊರಲ್ಲೇ ಇದ್ದೆ. ಬಂದ ನೆಂಟರೆಲ್ಲ "ರಜೆ ಹಾಕಿ ಬಂದ್ಯಾ? ಭಾಳ ಚಲೋ ಆಯ್ತು" ಅನ್ನುತ್ತಿದ್ದರು. "ಹೌದು, ರಜೆ" ಅನ್ನುತ್ತಿದ್ದೆ. ಸುಳ್ಳೇನೂ ಅಲ್ಲ, ಅಲ್ವಾ? ಆಮೇಲೆ ಲಾಕ್‌ಡೌನ್ ಬಂತು, ಎಲ್ಲರೂ ಮನೆಯಲ್ಲೇ ಆದರು. ಲಾಕ್‌ಡೌನ್ ಮುಗಿದು ಎಲ್ಲರೂ ಹೊರಗೆ ಹೋದ ಮೇಲೂ ನಾನೊಬ್ಬ ಮನೆಯಲ್ಲೇ ಉಳಿದೆ.

ಪೈಲಟ್ ಕೆಲಸಕ್ಕೆ ಒಂದು ಗುಣ ಇದೆ. ಸುಮ್ನೆ ಕೂತರೆ ಕೈಯಲ್ಲಿರುವುದೂ ಜಾರುತ್ತದೆ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ಮೆಡಿಕಲ್ ಬೇರೆ. ಕಂಪನಿಯಲ್ಲಿದ್ದಾಗ ಇದೆಲ್ಲ ತಾನೇ ನಡೆದುಹೋಗುತ್ತದೆ. ರಜೆಯಲ್ಲಿದ್ದವನಿಗೆ ಯಾರು ಸಿಮ್ಯುಲೇಟರ್ ಕೊಡುತ್ತಾರೆ? 14 ತಿಂಗಳು ನಾನು ವಿಮಾನ ಮುಟ್ಟಲಿಲ್ಲ. ಕೊನೆಗೆ ದಂಡ ಕಟ್ಟಿ ಬಿಡಿಸಿಕೊಂಡು, ಕೈಯಿಂದ ದುಡ್ಡು ಹಾಕಿ ಸಿಮ್ಯುಲೇಟರ್ ಮಾಡಿ, ಮತ್ತೆ ಇಲ್ಲಿ ಸೇರುವ ಹೊತ್ತಿಗೆ ಹದಡಿ ರಸ್ತೆಯ ಸೈಟು ಬೇರೆಯವರದಾಗಿತ್ತು. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ನನ್ನ ಹೆಂಡತಿ ಆ ಕಡೆ ನೋಡುವುದಿಲ್ಲ. ಅಲ್ಲಿ ಈಗ ಮೂರು ಅಂತಸ್ತಿನ ಮನೆ ಎದ್ದಿದೆ.

ಆ ದಿನಗಳಲ್ಲಿ ಒಂದು ಸಂಜೆ ಅಪ್ಪಾಜಿ ಜೊತೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತಿದ್ದೆ. ಅವರು ಈ ಊರಿನ ಒಂದು ಹತ್ತಿ ಮಿಲ್ಲಿನಲ್ಲಿ ಪರ್ಮನೆಂಟ್ ನೌಕರರಾಗಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. "ನಮ್ಮ ಮಿಲ್ಲೂ ಹಿಂಗೇ ಮಾಡ್ತಪ್ಪ. ಮುಚ್ಚಿದೀವಿ ಅಂತ ಯಾರೂ ಹೇಳ್ಲಿಲ್ಲ. ನಾಳೆ ಬರ್ರಿ, ನಾಡಿದ್ದು ಬರ್ರಿ ಅಂತ್ಲೇ ಅಂತಿದ್ರು. ಆ ಆಸೆಗೆ ಬ್ಯಾರೆ ಕೆಲಸಾನೂ ಹುಡುಕ್ಲಿಲ್ಲ" ಅಂದರು. ನಾನು ಅದುವರೆಗೂ ಅವರಿಗೆ ನನ್ನ ಇಮೇಲ್ ಬಗ್ಗೆ ಸರಿಯಾಗಿ ಹೇಳಿರಲಿಲ್ಲ. ಅವರೇ ಅರ್ಥ ಮಾಡಿಕೊಂಡಿದ್ದರು.

ಹಾಗಂತ "ಕಾಂಟ್ರ್ಯಾಕ್ಟ್ ಕೆಟ್ಟದ್ದು, ಪರ್ಮನೆಂಟ್ ಒಳ್ಳೇದು" ಅಂತ ಬರೆದರೆ ಅದು ಸುಳ್ಳಾಗುತ್ತದೆ. ಅಪ್ಪಾಜಿಯದು ಪರ್ಮನೆಂಟೇ ಆಗಿತ್ತಲ್ಲ. ನಮ್ಮ ದೇಶದಲ್ಲೇ 2012ರಲ್ಲಿ ಕಿಂಗ್‌ಫಿಷರ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್. 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಅಲ್ಲಿದ್ದ ಪೈಲಟ್‌ಗಳಲ್ಲಿ ಹೆಚ್ಚಿನವರು ಕಾಯಂ ನೌಕರರೇ. ಮೊದಲ ಎರಡರಲ್ಲಂತೂ ವಿಮಾನ ನಿಲ್ಲುವ ಮೊದಲೇ ತಿಂಗಳುಗಟ್ಟಲೆ ಸಂಬಳ ನಿಂತಿತ್ತು. ಅವರಲ್ಲಿ ಎಷ್ಟೋ ಜನರನ್ನು ಬದುಕಿಸಿದ್ದು ಇದೇ ಹೊರದೇಶದ ಕೆಲಸ. ಹೊರಗೆ ಗಟ್ಟಿ ಅಂದುಕೊಂಡದ್ದೂ ಗಟ್ಟಿಯಲ್ಲ. ಹಾಂಗ್‌ಕಾಂಗ್‌ನ ಕ್ಯಾಥೆ ಡ್ರ್ಯಾಗನ್ 2020ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಹಾಗಾಗಿ ಕಾಗದದ ಮೇಲೆ ಯಾವ ಪದ ಬರೆದಿದ್ದಾರೆ ಅನ್ನುವುದು ನನಗೆ ಈಗ ಮುಖ್ಯ ಅನ್ನಿಸುವುದಿಲ್ಲ. ಮಾವ ಕೇಳಿದ್ದೇ ಪ್ರಶ್ನೆ. ಉದುರಿದರೆ ಯಾರ ಲೆಕ್ಕ?

ಆ ರಾತ್ರಿ ಪಿಡಿಎಫ್‌ ಅನ್ನು ಹಿಂದಿನಿಂದ ಓದಿದೆ. 31ನೇ ಪುಟದಿಂದ ಶುರು ಮಾಡಿ. 26ರಲ್ಲಿ ಅದೇ ಹಳೆಯ ಗೆಳೆಯ ಕೂತಿದ್ದ. ಸಂಬಳವಿಲ್ಲದ ರಜೆ, ದಿನದ ಮಿತಿ ಇಲ್ಲ. 24ರಲ್ಲಿ ಟ್ರೈನಿಂಗ್ ಬಾಂಡ್, ಅಂದರೆ ಕಂಪನಿ ಕೊಡಿಸುವ ತರಬೇತಿಯ ಖರ್ಚಿನ ಕರಾರು. ಎರಡು ವರ್ಷದೊಳಗೆ ಬಿಟ್ಟರೆ ಪೂರ್ತಿ ಮೊತ್ತ ಕಟ್ಟಬೇಕು. 23ನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ! ಸಭ್ಯ ಕಂಪನಿಗಳು ಇದನ್ನು ತಿಂಗಳು ತಿಂಗಳು ಇಳಿಸುತ್ತಾ ಬರುತ್ತವೆ. 22ರಲ್ಲಿ, ಮೆಡಿಕಲ್‌ನಲ್ಲಿ ಅನ್‌ಫಿಟ್ ಆದರೆ ಒಂದು ತಿಂಗಳ ಸಂಬಳ ಕೊಟ್ಟು ಕೈತೊಳೆದುಕೊಳ್ಳುವುದು. 28 ವರ್ಷದವನಿಗೆ ಇದು ಓದದೆ ದಾಟುವ ಸಾಲು. 46 ದಾಟಿ, ಇಸಿಜಿ ನೋಡುವಾಗ ಡಾಕ್ಟರು ಒಂದು ಕ್ಷಣ ಸುಮ್ಮನಾದರೂ ಎದೆ ಹೊಡೆದುಕೊಳ್ಳುವ ನನ್ನಂಥವನಿಗೆ ಇಡೀ ಕಾಂಟ್ರ್ಯಾಕ್ಟೇ ಆ ಸಾಲು. 65ರ ತನಕ ಹಾರಿಸಬಹುದು ಅನ್ನುತ್ತದೆ ಕಾನೂನು. ಮೈ ಏನನ್ನುತ್ತದೋ ನೋಡಬೇಕು. ಲೈಸೆನ್ಸ್ ಹೋದರೆ ಕೊಡುವ ವಿಮೆ ಇಲ್ಲಿ ನಮ್ಮ ಕಂಪನಿ ಮಾಡಿಸಿದೆ. ಅಲ್ಲಿ ನಾನೇ ಮಾಡಿಸಬೇಕು.

ಇನ್ನೊಂದು ಕಡೆಯಿಂದಲೂ ಕಟ್ಟು ಇದೆ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ 2017ರ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ನೋಟಿಸ್ ಕೊಡಬೇಕು, ಕೋ ಪೈಲಟ್ ಆದರೆ ಆರು ತಿಂಗಳು. ಕಂಪನಿ ಮನಸ್ಸು ಮಾಡಿ ಎನ್‌ಒಸಿ ಕೊಟ್ಟರೆ ಮಾತ್ರ ಬೇಗ. ಪೈಲಟ್‌ಗಳು ದಿಢೀರನೆ ಬಿಟ್ಟರೆ ವಿಮಾನ ರದ್ದಾಗುತ್ತವೆ, ಪ್ರಯಾಣಿಕರು ಪರದಾಡುತ್ತಾರೆ ಅನ್ನುವುದು ನಿಯಮದ ಕಾರಣ. ಒಪ್ಪುತ್ತೇನೆ. ಆದರೂ ಒಂದು ವರ್ಷ ಜಾಸ್ತಿಯೇ. ಹೊರಗಿನವರು ನಾಲ್ಕು ತಿಂಗಳಲ್ಲಿ ಬಾ ಅನ್ನುತ್ತಾರೆ. ಈ ಲೆಕ್ಕ ಸರಿಹೊಂದದೆ ಒಳ್ಳೊಳ್ಳೆ ಆಫರ್ ಕೈಬಿಟ್ಟವರು ನನಗೇ ನಾಲ್ಕೈದು ಜನ ಗೊತ್ತು.

ಸೀನಿಯಾರಿಟಿ, ಅಂದರೆ ಕಂಪನಿಗೆ ಸೇರಿದ ಕ್ರಮದ ಸಾಲು, ಅದೂ ಹಾಗೇ. ಚಿಕ್ಕವನಿದ್ದಾಗ ಸೀಮೆಎಣ್ಣೆ ಅಂಗಡಿ ಮುಂದೆ ಪಾಳಿಯಲ್ಲಿ ಕ್ಯಾನ್ ಇಟ್ಟು ಮನೆಗೆ ಬಂದು ತಿಂಡಿ ತಿಂದು ಹೋಗುತ್ತಿದ್ದೆವು. ಕ್ಯಾನ್ ನಮ್ಮ ಜಾಗ ಕಾಯುತ್ತಿತ್ತು. ಇಲ್ಲಿ ಕ್ಯಾನ್ ಇಡುವ ಪದ್ಧತಿ ಇಲ್ಲ. ಹೋಗಿ ಬಂದರೆ ಸಾಲಿನ ಕೊನೆಗೆ. ಈಗಾಗಲೇ ಒಮ್ಮೆ ಕೊನೆಗೆ ಹೋಗಿ ನಿಂತವನು ನಾನು. ನನ್ನ ಬ್ಯಾಚಿನವರು ದೊಡ್ಡ ವಿಮಾನಕ್ಕೆ ಹೋದರು, ಟ್ರೈನರ್ ಆದರು. ನಾನಿನ್ನೂ ನಸುಕಿನ ಮೂರು ಗಂಟೆಗೆ ಎದ್ದು ಮೊದಲ ಫ್ಲೈಟ್ ಹಾರಿಸುತ್ತಿದ್ದೇನೆ.

ಇಲ್ಲಿ ದಣಿವಿಲ್ಲವೇ ಅಂದರೆ, ಇದೆ. ವರ್ಷಕ್ಕೆ 1000 ಗಂಟೆ ಮೀರುವಂತಿಲ್ಲ ಅನ್ನುವ ಮಿತಿಯ ಹತ್ತಿರ ಹತ್ತಿರ ಹಾರಿದ ವರ್ಷಗಳಿವೆ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ಹೊಸ ನಿಯಮ ಬಂದು, 2025ರ ಡಿಸೆಂಬರ್‌ನಲ್ಲಿ ದೇಶದಲ್ಲಿ ಸಾವಿರಾರು ವಿಮಾನ ರದ್ದಾದದ್ದು ನಿಮಗೂ ನೆನಪಿರಬೇಕು. ಆಗ ಪೈಲಟ್‌ಗಳನ್ನು ಬೈದವರೂ ಇದ್ದರು. ನಿದ್ದೆಗೆಟ್ಟವನ ಕೈಗೆ 180 ಜನರನ್ನು ಕೊಡಬೇಡಿ ಅನ್ನುವ ನಿಯಮಕ್ಕೆ ಇಷ್ಟು ಕೋಪವೇ ಅಂತ ನನಗೆ ಆಶ್ಚರ್ಯ ಆಗಿತ್ತು. ಅದು ಬೇರೆಯೇ ಪೋಸ್ಟ್ ಆಗುತ್ತದೆ, ಬಿಡಿ.

ಮನೆ ವಿಷಯ. ಮಗಳು ಒಂಬತ್ತನೇ ಕ್ಲಾಸು. ಎರಡು ವರ್ಷಕ್ಕೆ ಪಿಯುಸಿ. ಅಮ್ಮನಿಗೆ ಮಂಡಿ ನೋವು, ಅಪ್ಪಾಜಿಗೆ 78. ನನ್ನ ಹೆಂಡತಿ "ಹೋಗ್ರಿ, ಆದರೆ ನಾವು ಬರಲ್ಲ" ಅಂದಿದ್ದಾಳೆ. ಇದು ಒಪ್ಪಿಗೆಯೋ, ಬೆದರಿಕೆಯೋ ಇನ್ನೂ ಗೊತ್ತಾಗಿಲ್ಲ. ದೂರದ ಮಾತು ಬಂದಾಗ ನಾನು ಒಂದು ಲೆಕ್ಕ ಹೇಳುತ್ತೇನೆ. ದುಬೈನಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಬೆಂಗಳೂರು ಏರ್‌ಪೋರ್ಟಿನಿಂದ ದಾವಣಗೆರೆಗೆ ಕಾರಿನಲ್ಲಿ ಅದಕ್ಕಿಂತ ಜಾಸ್ತಿ. ನಮ್ಮೂರಿಗೆ ಏರ್‌ಪೋರ್ಟ್ ಇಲ್ಲ, ಹತ್ತಿರದ್ದು ಅಂದರೆ 2023ರಲ್ಲಿ ಶುರುವಾದ ಶಿವಮೊಗ್ಗ. ಈ ಲೆಕ್ಕ ಕೇಳಿದ ಅಮ್ಮ "ಹಂಗಾದ್ರೆ ಬೆಂಗಳೂರಲ್ಲಿದ್ರೂ ಅಷ್ಟೇ, ದುಬೈಲಿದ್ರೂ ಅಷ್ಟೇ ಅನ್ನು. ಅದಕ್ಕೇ ತಿಂಗಳಿಗೊಂದ್ಸಲ ಬರ್ತೀಯ" ಅಂದಳು. ಲೆಕ್ಕ ಹೇಳುವುದು ನಿಲ್ಲಿಸಿದ್ದೇನೆ.

ಏಜೆನ್ಸಿಗೆ ಬರೆದೆ. ಸಂಬಳ ಜಾಸ್ತಿ ಕೇಳಲಿಲ್ಲ. ಸಂಬಳವಿಲ್ಲದ ರಜೆ 30 ದಿನ ದಾಟಿದರೆ ದಂಡವಿಲ್ಲದೆ ನನ್ನನ್ನು ಬಿಡಬೇಕು, ಬಾಂಡ್ ತಿಂಗಳಿಗೆ ಇಷ್ಟು ಅಂತ ಇಳಿಯಬೇಕು ಅಂದೆ. "ಇದು ಸ್ಟ್ಯಾಂಡರ್ಡ್ ಕಾಂಟ್ರ್ಯಾಕ್ಟ್ ಕ್ಯಾಪ್ಟನ್, ಎಲ್ಲರೂ ಸೈನ್ ಮಾಡಿದ್ದಾರೆ" ಅಂತ ಅದೇ ದಿನ ಉತ್ತರ ಬಂತು. ಎರಡು ದಿನ ಬಿಟ್ಟು ಇನ್ನೊಂದು. ಬಾಂಡ್ ಇಳಿಸಲು ಒಪ್ಪಿದ್ದಾರೆ. ರಜೆಯ ಸಾಲು ಮಾತ್ರ ಬದಲಾಗದಂತೆ. ಬದಲಾಗದಿದ್ದರೆ ನಾನು ಸೈನ್ ಮಾಡುವುದಿಲ್ಲ. ಒಂದೂವರೆ ಪಟ್ಟು ಸಂಬಳದವರು ಆ ಒಂದು ಸಾಲಿಗೆ ಇಷ್ಟು ಜೋತು ಬಿದ್ದಿದ್ದಾರೆ ಅಂದರೆ, ಅದನ್ನು ಉಪಯೋಗಿಸುವ ದಿನವನ್ನೂ ಯೋಚಿಸಿಯೇ ಇರುತ್ತಾರೆ.

ನನ್ನ ಉತ್ತರ ನಿಮ್ಮ ಉತ್ತರ ಆಗಬೇಕಿಲ್ಲ. ಚಿಕ್ಕವರಾಗಿದ್ದು, ಸಾಲ ಇಲ್ಲದೆ, ಒಂದು ವರ್ಷ ಖಾಲಿ ಕೂತರೂ ಮನೆ ನಡೆಯುತ್ತದೆ ಅನ್ನುವವರು ಇದೇ ಕಾಗದಕ್ಕೆ ಸೈನ್ ಮಾಡಿದರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ಇನ್ನೂ ಕೋ ಪೈಲಟ್ ಆಗಿರುವವರು ದಯವಿಟ್ಟು ಇಲ್ಲೇ ಕ್ಯಾಪ್ಟನ್ ಆಗಿ, ಆ ಸೀಟಿನಲ್ಲಿ ಒಂದಷ್ಟು ಗಂಟೆ ಹಾರಿಸಿ ಆಮೇಲೆ ಯೋಚಿಸಿ. ಹೊರಗಿನವರು ಹೆಚ್ಚು ದುಡ್ಡು ಕೊಡುವುದು ಆ ಗಂಟೆಗಳಿಗೆ. ಹೋದವರು ನಮ್ಮ ಡಿಜಿಸಿಎ ಲೈಸೆನ್ಸ್, ಮೆಡಿಕಲ್ ಎರಡನ್ನೂ ಜೀವಂತ ಇಟ್ಟುಕೊಳ್ಳಿ. ರಜೆಗೆ ಬಂದಾಗ ನೆಂಟರ ಮದುವೆ ಒಂದು ತಪ್ಪಿದರೂ ಪರವಾಗಿಲ್ಲ, ಮೆಡಿಕಲ್ ತಪ್ಪಿಸಬೇಡಿ. ಮತ್ತೆ "ದೇಶ ಬಿಟ್ಟು ಹೋಗ್ತಾರೆ" ಅಂತ ಕಾಮೆಂಟ್ ಹಾಕುವವರಿಗೆ ನನ್ನಲ್ಲಿ ಉತ್ತರ ಇಲ್ಲ. ಅವರು ಯಾವತ್ತೂ 14 ತಿಂಗಳು ಸಂಬಳವಿಲ್ಲದ ರಜೆಯಲ್ಲಿ ಇರಲಿಲ್ಲ ಅಂದುಕೊಳ್ಳುತ್ತೇನೆ.

ಯಾರಿಗಾದರೂ ಆಫರ್ ಬಂದಿದ್ದರೆ ಇನ್‌ಬಾಕ್ಸ್ ಮಾಡಿ, ಕೂತು ಓದೋಣ. ಸಂಬಳದ ಪುಟ ಕಳಿಸಬೇಡಿ, ಸುಮ್ನೆ ನನ್ನ ಹೊಟ್ಟೆ ಉರಿಯುತ್ತದೆ. ಸಂಬಳವಿಲ್ಲದ ರಜೆ ಅಂತ ಎಲ್ಲಿ ಬರೆದಿದೆಯೋ ಆ ಪುಟದ ಫೋಟೋ ಕಳಿಸಿದರೆ ಸಾಕು.